ಆಪರೇಷನ್‌ಗೆ ಮುಂಚಿನ 27 ದಿನ: ಮಂಗಳೂರಿನ ಒಂದು ಪ್ರಕರಣ

ಮಳೆಗಾಲ ಹಿಡಿದ ಮೊದಲ ವಾರದಲ್ಲಿ 63 ವರ್ಷದ ಮಹಿಳೆಯೊಬ್ಬರನ್ನು ಅವರ ಮಗ ಕೈಹಿಡಿದು ನಮ್ಮ ಫಿಸಿಯೋಥೆರಪಿ ವಿಭಾಗಕ್ಕೆ ಕರೆತಂದರು. ಕೊಡೆ ಮಡಚುತ್ತಲೇ ಮಗ ಕೇಳಿದ್ದು ಇಷ್ಟು: "ಆಪರೇಷನ್ ಇನ್ನೂ ಆಗಿಲ್ಲವಲ್ಲ ಮೇಡಂ, ಇಲ್ಲಿಗೆ ಯಾಕೆ ಕಳುಹಿಸಿದರು?"

ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಮಂಗಳೂರಿನಲ್ಲಿ ಫಿಸಿಯೋಥೆರಪಿ ಕಾಲೇಜುಗಳಿಗೆ ಬರವಿಲ್ಲ. ಆದರೂ ಹೊಟ್ಟೆಯ ದೊಡ್ಡ ಆಪರೇಷನ್‌ಗೆ ಒಳಗಾಗುವವರು ನಮ್ಮ ಮುಖ ನೋಡುವುದು ಸಾಮಾನ್ಯವಾಗಿ ಅದರ ಮರುದಿನ. ಹೊಲಿಗೆ ಚುಚ್ಚುತ್ತಿರುತ್ತದೆ, ಮೂಗಿನಲ್ಲಿ ನಳಿಕೆ ಇರುತ್ತದೆ, ನಾವು ಹೋಗಿ "ಎದ್ದು ಕೂತುಕೊಳ್ಳಿ" ಎಂದು ಪೀಡಿಸುತ್ತೇವೆ. ಈ ಸಲ ಅರಿವಳಿಕೆ ತಜ್ಞೆಯೊಬ್ಬರು ಮುಂಚಿತವಾಗಿಯೇ ಚೀಟಿ ಬರೆದು ಕಳುಹಿಸಿದ್ದರು. ಆಪರೇಷನ್‌ಗೆ 27 ದಿನ ಇತ್ತು.

ಇದನ್ನು ಬರೆಯಲು ಅಮ್ಮ ಮತ್ತು ಮಗ ಇಬ್ಬರ ಒಪ್ಪಿಗೆಯೂ ಇದೆ. ಗುರುತು ಹತ್ತಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ವಿಭಾಗದಲ್ಲಿ ಎಲ್ಲರೂ ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದೆವು, ಇಲ್ಲಿಯೂ ಹಾಗೆಯೇ ಇರಲಿ.

ಹಿನ್ನೆಲೆ

ಮನೆ ವಾಮಂಜೂರು ಕಡೆಯ ಒಂದು ಗುಡ್ಡದ ಇಳಿಜಾರಿನಲ್ಲಿ. ಗಂಡ ತೀರಿಕೊಂಡು ಒಂಬತ್ತು ವರ್ಷ. ಮಗ ಬಸ್ ಕಂಡಕ್ಟರ್, ಸೊಸೆ ಗೇರುಬೀಜದ ಕಾರ್ಖಾನೆಗೆ ಹೋಗುತ್ತಾರೆ. ಅಮ್ಮ ಹದಿನಾಲ್ಕನೆಯ ವಯಸ್ಸಿನಿಂದ ಬೀಡಿ ಕಟ್ಟುತ್ತ ಬಂದವರು. ಆ ವರ್ಷ ಜನವರಿಯಿಂದ ಸುಸ್ತು, ನಾಲ್ಕು ಹೆಜ್ಜೆಗೆ ಏದುಸಿರು. ಊರಿನ ಡಾಕ್ಟರು ರಕ್ತಹೀನತೆಗೆ ಮಾತ್ರೆ ಕೊಟ್ಟು ನೋಡಿದರು. ರಕ್ತ ಏರದಿದ್ದಾಗ ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ಕೊಲೊನೋಸ್ಕೋಪಿಯಲ್ಲಿ ದೊಡ್ಡ ಕರುಳಿನ ಬಲಭಾಗದಲ್ಲಿ ಗಡ್ಡೆ ಕಂಡಿತು, ಬಯಾಪ್ಸಿ ಅದನ್ನು ಕ್ಯಾನ್ಸರ್ ಎಂದಿತು. ಬಲಭಾಗದ ಗಡ್ಡೆಗಳ ಬಗೆಯೇ ಇದು. ಅಲ್ಲಿ ಕರುಳು ಅಗಲ, ಒಳಗೆ ಸಾಗುವುದು ಇನ್ನೂ ತೆಳ್ಳಗಿರುತ್ತದೆ, ಹಾಗಾಗಿ ದಾರಿ ಕಟ್ಟಿಕೊಳ್ಳುವ ತೊಂದರೆ ಬೇಗ ಕಾಣಿಸುವುದಿಲ್ಲ. ಕಣ್ಣಿಗೆ ಬೀಳದಷ್ಟು ರಕ್ತ ದಿನವೂ ಸೋರಿ ಸೋರಿ ಮನುಷ್ಯ ಬಿಳಿಚಿಕೊಳ್ಳುತ್ತ ಹೋಗುತ್ತಾನೆ, ಅಷ್ಟೇ.

ಹಿಮೋಗ್ಲೋಬಿನ್ 7.9 ಇತ್ತು. ತೂಕ 46 ಕೆ.ಜಿ.; ನಾಲ್ಕು ತಿಂಗಳಲ್ಲಿ ಐದು ಕೆ.ಜಿ. ಇಳಿದಿತ್ತು. ಮಧುಮೇಹಕ್ಕೆ ಮಾತ್ರೆ ನಡೆಯುತ್ತಿತ್ತು. ಸಿ.ಟಿ. ಸ್ಕ್ಯಾನ್‌ನಲ್ಲಿ ಬೇರೆ ಅಂಗಗಳಿಗೆ ಹರಡಿದ ಲಕ್ಷಣ ಇರಲಿಲ್ಲ. ಅಷ್ಟು ಕಡಿಮೆ ರಕ್ತದಲ್ಲಿ ಹೊಟ್ಟೆ ತೆರೆಯುವುದಕ್ಕಿಂತ, ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಟ್ಟು ಕೆಲವು ವಾರ ಕಾಯುವುದು ಮೇಲು ಎಂದು ಶಸ್ತ್ರಚಿಕಿತ್ಸಕರು ನಿರ್ಧರಿಸಿದ್ದರು. "ಗಡ್ಡೆ ಒಳಗಿಟ್ಟುಕೊಂಡು ಕಾಯುವುದೆಂದರೆ ಏನು ಮೇಡಂ" ಎಂದು ಮಗ ನನ್ನ ಬಳಿಯೂ ಎರಡು ಸಲ ಕೇಳಿದರು.

ಅಳತೆ

ಮೂವತ್ತು ಮೀಟರ್ ಉದ್ದದ ಪಡಸಾಲೆಯಲ್ಲಿ ಆರು ನಿಮಿಷ ನಡೆಸಿ ದೂರ ಅಳೆಯುವುದು ನಮ್ಮಲ್ಲಿ ಹಳೆಯ ಪರೀಕ್ಷೆ. ಅಮ್ಮ ಎರಡು ಕಡೆ ಗೋಡೆ ಹಿಡಿದು ನಿಂತು, 285 ಮೀಟರ್ ನಡೆದರು. ಕೈ ಊರದೆ ಕುರ್ಚಿಯಿಂದ ಏಳುವುದು, ಮತ್ತೆ ಕೂರುವುದು: 30 ಸೆಕೆಂಡಿನಲ್ಲಿ ಏಳು ಸಲ. ಅವರ ವಯಸ್ಸಿನ ಹೆಂಗಸರಿಗೆ ಹನ್ನೆರಡಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಕುಗ್ಗಿದೆ ಎಂದು ಲೆಕ್ಕ. ಆದರೆ ಕೈಹಿಡಿತ 19 ಕೆ.ಜಿ. ಬಂತು. ಏಷ್ಯಾದ ಹೆಂಗಸರಿಗೆ 18ಕ್ಕಿಂತ ಕೆಳಗಿದ್ದರೆ ಸ್ನಾಯು ಸೊರಗಿದೆ ಎನ್ನುತ್ತಾರೆ. ಅಮ್ಮ ಅದರ ಮೇಲಿದ್ದರು. ಐದು ದಶಕ ಎಲೆ ಕತ್ತರಿಸಿ, ಸುತ್ತಿ, ಮಡಚಿ, ದಾರ ಬಿಗಿದ ಕೈಗಳು. ಕೈಹಿಡಿತವೊಂದನ್ನೇ ನೋಡಿ ಪಾಸು ಮಾಡುವ ಕಡೆಯಾಗಿದ್ದರೆ ಅಮ್ಮ ಪಾಸಾಗಿಬಿಡುತ್ತಿದ್ದರು. ಕಾಲುಗಳು ಬೇರೆಯೇ ಕಥೆ ಹೇಳುತ್ತಿದ್ದವು.

ಕರುಳಿನ ಆಪರೇಷನ್‌ಗೂ ಕಾಲಿಗೂ ಏನು ಸಂಬಂಧ? ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಕೆಲವು ದಿನ ದೇಹಕ್ಕೆ, ಸುಮ್ಮನೆ ಮಲಗಿದ್ದರೂ, ಮಾಮೂಲಿಗಿಂತ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಅದನ್ನು ಒದಗಿಸುವ ಶಕ್ತಿ ಹೃದಯ, ಶ್ವಾಸಕೋಶ, ಸ್ನಾಯು ಮೂರರಲ್ಲೂ ಇರಬೇಕು. ಅದೇ ಹೊತ್ತಿಗೆ ಗಾಯ ಮಾಯಿಸುವ ಸಾಮಗ್ರಿಗಾಗಿ ದೇಹ ತನ್ನ ಸ್ನಾಯುವನ್ನೇ ಕರಗಿಸುತ್ತದೆ. ಮಂಚದ ಮೇಲಿನ ದಿನಗಳು ಅದಕ್ಕೆ ಸೇರಿಕೊಳ್ಳುತ್ತವೆ. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಯಾವ ಕಾಯಿಲೆಯೂ ಇಲ್ಲದ 12 ಮಂದಿ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿದ್ದರು. ಅಷ್ಟಕ್ಕೇ ಅವರ ಕಾಲುಗಳಿಂದ ಸುಮಾರು ಒಂದು ಕೆ.ಜಿ. ಸ್ನಾಯುಭಾಗ ಹೋಗಿತ್ತು. ಗಾಯವಿಲ್ಲದವರ ಪಾಡು ಅದು. ನಮ್ಮ ಅಮ್ಮನ ಬಳಿ ಕಳೆದುಕೊಳ್ಳಲು ಒಂದು ಕೆ.ಜಿ. ಎಲ್ಲಿತ್ತು?

ನನ್ನ ಮೊದಲ ಯೋಜನೆ ಕೆಟ್ಟದ್ದು

ಅದನ್ನು ಮರೆಮಾಚುವುದಿಲ್ಲ. ಹನ್ನೆರಡು ವ್ಯಾಯಾಮಗಳ ಚಿತ್ರವಿದ್ದ ಹಾಳೆ, ಒಂದು ರಬ್ಬರ್ ಪಟ್ಟಿ, "ಬೆಳಗ್ಗೆ ಸಂಜೆ ಇಪ್ಪತ್ತು ನಿಮಿಷ ವಾಕಿಂಗ್ ಮಾಡಿ" ಎಂಬ ಉಪದೇಶ. ಅಮ್ಮ ಎಲ್ಲದಕ್ಕೂ ತಲೆಯಾಡಿಸಿ ಹೋದರು. ಆರನೆಯ ದಿನ ಫೋನ್ ಮಾಡಿದಾಗ ಮಗನ ಉತ್ತರ ತಡವರಿಸಿತು. ಏಳನೆಯ ದಿನ ಬಿಡುವು ಮಾಡಿಕೊಂಡು ಮನೆಗೇ ಹೋದೆ.

ಹಾಳೆ ಟಿ.ವಿ. ಹಿಂದೆ ಇತ್ತು. ರಬ್ಬರ್ ಪಟ್ಟಿಯಿಂದ ಹಿತ್ತಿಲ ಬಾಗಿಲನ್ನು ಕಟ್ಟಿದ್ದರು. ಅಮ್ಮ ಚಾವಡಿಯ ಮಂಚದ ಮೇಲೆ ಹೊದ್ದು ಕೂತಿದ್ದರು; ಕುಡಿಯುವ ನೀರು, ಮಾತ್ರೆ, ಪೀಕದಾನಿ ಎಲ್ಲ ಕೈಗೆಟಕುವಲ್ಲಿ. ಸೊಸೆ ರಜೆ ಹಾಕಿ ಅತ್ತೆಯನ್ನು ಅಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದರು.

"ವಾಕಿಂಗ್ ಹೋದಿರಾ ಅಮ್ಮ?"

"ವಾಕಿಂಗ್ ಎಲ್ಲ ಕದ್ರಿ ಪಾರ್ಕಿಗೆ ಬೂಟು ಹಾಕಿಕೊಂಡು ಬರುವವರಿಗೆ ಮಗಳೇ. ಕೆಲಸವಿಲ್ಲದೆ ರಸ್ತೆಯಲ್ಲಿ ಹಿಂದೆ ಮುಂದೆ ನಡೆದರೆ ನೋಡಿದವರು ಏನು ಹೇಳುತ್ತಾರೆ?"

ಸೊಸೆಯ ಮಾತು ಇನ್ನೂ ನೇರವಾಗಿತ್ತು. "ನೀವು ಹೇಳಿ ಹೋಗುತ್ತೀರಿ ಮೇಡಂ. ಕ್ಯಾನ್ಸರ್ ಬಂದ ಅತ್ತೆಯನ್ನು ಮಳೆಯಲ್ಲಿ ನಡೆಸಿದಳು ಎಂದು ನಾಳೆ ಊರವರು ಆಡಿಕೊಳ್ಳುವುದು ನನ್ನನ್ನು." ಇದನ್ನು ನಾನು ಯಾವ ತರಗತಿಯಲ್ಲೂ ಕಲಿತಿರಲಿಲ್ಲ. ರೋಗಿಗೆ ಇಚ್ಛಾಶಕ್ತಿ ಸಾಲದು ಎಂದು ನಾವು ಕಡತದಲ್ಲಿ ಸಲೀಸಾಗಿ ಬರೆದುಬಿಡುತ್ತೇವೆ. ಇಲ್ಲಿ ಅಡ್ಡಿಯಾಗಿದ್ದುದು ಪ್ರೀತಿ ಮತ್ತು ಮರ್ಯಾದೆ.

ಚಹಾ ಕುಡಿಯುತ್ತ ಹಳೆಯ ದಿನಚರಿ ಕೇಳಿದೆ. ಬೆಳಗ್ಗೆ ಗಂಜಿ, ನಂತರ ಗೆರಸೆ ಮಡಿಲಿಗಿಟ್ಟುಕೊಂಡರೆ ಮಧ್ಯಾಹ್ನದ ತನಕ ಏಳುವುದಿಲ್ಲ. ಊಟವಾದ ಮೇಲೆ ಪಕ್ಕದ ಮನೆಯಾಕೆಯ ಜೊತೆ ಬ್ರಾಂಚಿಗೆ. ಕರಾವಳಿಯ ಹೊರಗಿನವರಿಗೆ ಹೇಳಬೇಕು: ಕಟ್ಟಿದ ಬೀಡಿ ಒಪ್ಪಿಸಿ, ಮರುದಿನದ ಎಲೆ ಮತ್ತು ತಂಬಾಕು ತರುವ ಜಾಗಕ್ಕೆ ಇಲ್ಲಿ ಬ್ರಾಂಚ್ ಎನ್ನುತ್ತಾರೆ. ಹೋಗುವಾಗ ಇಳಿಜಾರು, ಬರುವಾಗ ಏರು. ಮಗ ಬೈಕಿನ ಮೀಟರಿನಲ್ಲಿ ನೋಡಿದಂತೆ ಒಂದು ದಿಕ್ಕಿಗೆ ಸುಮಾರು 650 ಮೀಟರ್. ಸುಸ್ತು ಶುರುವಾದ ಮೇಲೂ ಅಮ್ಮ ನಿಂತು ನಿಂತು ಅಲ್ಲಿಗೆ ಹೋಗುತ್ತಿದ್ದರು. ಕಾಯಿಲೆಯ ಹೆಸರು ತಿಳಿದ ದಿನದಿಂದ ಬೀಡಿಯ ಚೀಲವನ್ನು ಮಗ ಬೈಕಿನಲ್ಲಿ ಒಯ್ಯತೊಡಗಿದ್ದರು.

ಐವತ್ತು ವರ್ಷ ಕೂತು ದುಡಿದ ಹೆಂಗಸಿನ ಬದುಕಿನಲ್ಲಿ ಇದ್ದದ್ದು ಅದೊಂದೇ ನಡಿಗೆ. ಆರೈಕೆಯ ಹೆಸರಿನಲ್ಲಿ ಮೊದಲು ಕಿತ್ತುಕೊಂಡದ್ದೂ ಅದನ್ನೇ.

ಎರಡನೆಯ ಯೋಜನೆ

ಹಾಳೆ ಹರಿದೆ. ಚೀಲ ಅಮ್ಮನಿಗೇ ಹಿಂತಿರುಗಬೇಕು ಎಂದೆ. ಕೂಡಲೇ ಅಲ್ಲ. ಕಬ್ಬಿಣಾಂಶದ ಡ್ರಿಪ್ ಆಗಿ ಐದು ದಿನವಷ್ಟೇ ಆಗಿತ್ತು, ರಕ್ತ ಇನ್ನೂ ಏರುವ ದಾರಿಯಲ್ಲಿತ್ತು. ಮೊದಲ ಮೂರು ದಿನ ಅರ್ಧ ದಾರಿ. ಅಲ್ಲಿಂದ ಪಕ್ಕದ ಮನೆಯಾಕೆ ಚೀಲ ಒಯ್ಯುವುದು. ನಾಲ್ಕನೆಯ ದಿನದಿಂದ ಪೂರ್ತಿ. ಸಮತಟ್ಟಾದ ಕಡೆ ಒಂದು ವಿದ್ಯುತ್ ಕಂಬದಿಂದ ಮುಂದಿನ ಕಂಬದವರೆಗೆ ಬಿರುಸಾಗಿ, ಮುಂದಿನದಕ್ಕೆ ನಿಧಾನವಾಗಿ. ಗಡಿಯಾರ ಬೇಡ, ಕಂಬ ಸಾಕು. ಬಿರುಸು ಎಂದರೆ ಎಷ್ಟು? ಮಾತಾಡಲು ಆಗಬೇಕು, ಹಾಡಲು ಆಗಬಾರದು. ಎದೆ ಹಿಡಿದರೆ, ತಲೆ ತಿರುಗಿದರೆ ಅಲ್ಲೇ ಕೂರಬೇಕು. ಮಲ ಕಪ್ಪಾದರೆ, ಹೊಟ್ಟೆ ಉಬ್ಬಿ ವಾಂತಿಯಾದರೆ ವ್ಯಾಯಾಮದ ಮಾತೇ ಇಲ್ಲ, ನೇರ ಆಸ್ಪತ್ರೆಗೆ.

ಮನೆಯಿಂದ ರಸ್ತೆಗೆ ಇಳಿಯುವ ಕೆಂಪುಕಲ್ಲಿನ ಮೆಟ್ಟಿಲುಗಳಲ್ಲಿ ಪಾಚಿ ಕಟ್ಟಿತ್ತು. ಅಲ್ಲಿ ಜಾರಿ ಸೊಂಟ ಮುರಿದುಕೊಂಡರೆ ಆಪರೇಷನ್ ಬೇರೆಯೇ ಆಗುತ್ತಿತ್ತು. ಮಗ ಆ ಭಾನುವಾರ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿದರು, ಪಕ್ಕದಲ್ಲಿ ಹಿಡಿದುಕೊಳ್ಳಲು ಜಿ.ಐ. ಪೈಪು ನೆಟ್ಟರು. ಹವಾಯಿ ಚಪ್ಪಲಿ ಹೋಗಿ ಹಿಂಬದಿ ಪಟ್ಟಿಯಿರುವ ರಬ್ಬರ್ ಚಪ್ಪಲಿ ಬಂತು. ಈ ಮೂರು ಕೆಲಸಗಳಷ್ಟು ಉಪಯುಕ್ತವಾದದ್ದನ್ನು ನಾನೇನೂ ಹೇಳಿಕೊಡಲಿಲ್ಲ. ಮಳೆ ಹೊಡೆಯುವ ದಿನ ಚಾವಡಿಯಿಂದ ಅಡುಗೆಮನೆಯ ಹಿಂಬಾಗಿಲಿಗೆ ಹೋಗಿ ಬರುವುದು. ಅಂಥ ದಿನ ಆರು ಬಂದವು.

ಕಾಲಿನ ಬಲಕ್ಕೆ ಕುರ್ಚಿ. ಬೀಡಿ ಕೆಲಸವನ್ನು ದಿನಕ್ಕೆ ಎರಡು ಗಂಟೆಗೆ ಇಳಿಸಿದೆವು, ಅದೂ ಕಿಟಕಿಯ ಬಳಿ, ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಂಡು. ಪೂರ್ತಿ ನಿಲ್ಲಿಸಿ ಎಂದಿದ್ದರೆ ಹೊಗೆಸೊಪ್ಪಿನ ದೂಳು ತಪ್ಪುತ್ತಿತ್ತು ನಿಜ, ಬ್ರಾಂಚಿಗೆ ಹೋಗುವ ನೆಪವೂ ತಪ್ಪುತ್ತಿತ್ತು. ಈ ರಾಜಿ ಸರಿಯೇ ಎಂದು ಶ್ವಾಸಕೋಶದ ವೈದ್ಯರು ನನ್ನನ್ನು ಕೇಳಬಹುದು, ಕೇಳಲಿ. ನಿಯಮ ಒಂದೇ: ಒಂದು ಕಟ್ಟು ಮುಗಿದರೆ ಕುರ್ಚಿಯಿಂದ ಐದು ಸಲ ಎದ್ದು ಕೂರಬೇಕು. ಎರಡನೆಯ ವಾರದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಜಾಗಕ್ಕೆ ತಗ್ಗಿನ ಸ್ಟೂಲು ಬಂತು. ತಾಂಬೂಲದ ಹೊಗೆಸೊಪ್ಪನ್ನು ಅಮ್ಮ ತಾವಾಗಿಯೇ ಬಿಟ್ಟರು; ಪೀಕದಾನಿ ಅಟ್ಟ ಸೇರಿತು.

ಊಟದ್ದು ದೊಡ್ಡ ತಲೆನೋವು. ಆಪರೇಷನ್‌ಗೆ ಸಿದ್ಧವಾಗುವ ದೇಹಕ್ಕೆ ದಿನಕ್ಕೆ ಕೆ.ಜಿ. ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೊಟೀನ್ ಬೇಕು. 46 ಕೆ.ಜಿ.ಗೆ ಅಂದಾಜು 55ರಿಂದ 69 ಗ್ರಾಂ. ಆಹಾರ ತಜ್ಞೆ ಕೂತು ಲೆಕ್ಕ ಹಾಕಿದಾಗ ಅಮ್ಮ ತಿನ್ನುತ್ತಿದ್ದುದರಲ್ಲಿ 25 ಗ್ರಾಂ ಕೂಡ ಸರಿಯಾಗಿ ಇರಲಿಲ್ಲ. ಎರಡು ಹೊತ್ತು ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಸಂಜೆ ಚಹಾಕ್ಕೆ ರಸ್ಕ್. ಕಾಯಿಲೆಯವರಿಗೆ ಗಂಜಿಯೇ ಹಿತ ಎಂಬ ನಂಬಿಕೆ ನಮ್ಮ ಕಡೆ ಎಷ್ಟು ಗಟ್ಟಿಯೆಂದರೆ ಅದರ ಎದುರು ಮಾತಾಡುವುದೇ ಅಪಚಾರ. ಬಂಗುಡೆ, ಬೂತಾಯಿ ತಿನ್ನಿಸೋಣವೆಂದರೆ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ನಾಡದೋಣಿಯವರು ತಂದ ಮೀನಿಗೆ ಕೈ ಸುಡುವ ಬೆಲೆ. ಒಣಮೀನಿನಲ್ಲಿ ಉಪ್ಪು ವಿಪರೀತ. ಕೊನೆಗೆ ಗಂಜಿಯನ್ನು ತೆಗೆಯಲಿಲ್ಲ, ಅದರ ಪಕ್ಕ ತಟ್ಟೆ ತುಂಬಿಸಿದೆವು: ದಿನಕ್ಕೆ ಎರಡು ಮೊಟ್ಟೆ, ಮೊಳಕೆ ಬಂದ ಹೆಸರುಕಾಳಿನ ಗಸಿ, ಹುರುಳಿ ಸಾರು ಬಸಿದು ಉಳಿದ ಕಾಳಿನ ಪಲ್ಯ, ನಡೆದು ಬಂದ ಕೂಡಲೇ ಒಂದು ದೊಡ್ಡ ಲೋಟ ಸಕ್ಕರೆಯಿಲ್ಲದ ಹಾಲು, ವಾರಕ್ಕೆ ಎರಡು ದಿನ ಕೋಳಿ. ಮಧುಮೇಹಕ್ಕೂ ಇದು ಅನುಕೂಲವೇ ಆಯಿತು.

ಉಸಿರಾಟದ ಪಾಠಕ್ಕೆ ಹಿಡಿದದ್ದು ಅರ್ಧ ಗಂಟೆ. ಹೊಟ್ಟೆಗೆ ದಿಂಬು ಒತ್ತಿ ಹಿಡಿದು ಕೆಮ್ಮುವುದು, ಆಪರೇಷನ್ ಆಗಿ ಎಚ್ಚರವಾದ ಕೂಡಲೇ ಗಂಟೆಗೊಮ್ಮೆ ಆಳವಾಗಿ ಉಸಿರೆಳೆಯುವುದು, ಯಾಕೆ ಎಂಬುದನ್ನು ಸಾವಧಾನವಾಗಿ ಹೇಳುವುದು. ಇದನ್ನು ಅಲಕ್ಷಿಸಬಾರದು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ಹೊಟ್ಟೆಯ ಮೇಲ್ಭಾಗದ ಆಪರೇಷನ್‌ಗೆ ಕಾಯುತ್ತಿದ್ದ 441 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮುಂಚಿತವಾಗಿ ಕೊಟ್ಟದ್ದು ಇಂಥದೇ ಒಂದು ಅರ್ಧ ಗಂಟೆಯ ಪಾಠ. ಬರಿಯ ಕರಪತ್ರ ಪಡೆದವರಲ್ಲಿ 27 ಶೇಕಡಾ ಮಂದಿಗೆ ಶ್ವಾಸಕೋಶದ ತೊಡಕು ಬಂದರೆ, ಪಾಠವೂ ಸಿಕ್ಕವರಲ್ಲಿ 12 ಶೇಕಡಾ.

ಒಂದು ಸಂಜೆ ಪಕ್ಕದ ಮನೆಯಾಕೆ, "ಇಷ್ಟೆಲ್ಲ ಯಾಕೆ ಮಾರಾಯ್ತಿ, ಆಪರೇಷನ್ ಮಾಡುವುದು ಡಾಕ್ಟರಲ್ಲವೇ?" ಎಂದರಂತೆ. "ಪತ್ತನಾಜೆಗೆ ಮುಂಚೆ ಸೌದೆ ಒಟ್ಟುವುದಿಲ್ಲವಾ, ಹಾಗೆ" ಎಂದು ಅಮ್ಮ ಹೇಳಿದರಂತೆ. ಬೇಸಿಗೆಯ ಕೊನೆಗೆ ಬರುವ ಆ ದಿನ ಕಳೆದರೆ ತುಳುನಾಡಿನಲ್ಲಿ ಕೋಲ, ಯಕ್ಷಗಾನದ ಮೇಳ ಎಲ್ಲ ನಿಂತು ಮಳೆಗೆ ದಾರಿ ಬಿಡುತ್ತವೆ. ಒದ್ದೆಯಾದ ಮೇಲೆ ಸೌದೆ ಹುಡುಕಿ ಪ್ರಯೋಜನವಿಲ್ಲ. ಆಪರೇಷನ್‌ಗೆ ಮುಂಚಿನ ಈ ತಯಾರಿಗೆ ಇರುವ ಪ್ರಿಹ್ಯಾಬಿಲಿಟೇಷನ್ ಎಂಬ ಉದ್ದದ ಪದವನ್ನು ಆಮೇಲೆ ನಾನು ಯಾವ ರೋಗಿಯ ಮುಂದೆಯೂ ಬಳಸಿಲ್ಲ.

ಆಪರೇಷನ್, ಆಮೇಲೆ

ದಾಖಲಾದ ದಿನ ಮತ್ತೆ ಅಳೆದೆ. ಆರು ನಿಮಿಷಕ್ಕೆ 342 ಮೀಟರ್, ಮೊದಲಿಗಿಂತ 57 ಹೆಚ್ಚು, ಗೋಡೆ ಹಿಡಿಯಲಿಲ್ಲ. ಕುರ್ಚಿಯಿಂದ ಹನ್ನೊಂದು ಸಲ. ಹಿಮೋಗ್ಲೋಬಿನ್ 10.3. ತೂಕ ಬರಿಯ 600 ಗ್ರಾಂ ಏರಿತ್ತು.

ಈ 57 ಮೀಟರ್‌ಗಳನ್ನು ಪೂರ್ತಿ ನನ್ನ ಖಾತೆಗೆ ಬರೆದುಕೊಳ್ಳುವ ಆಸೆ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ರಕ್ತ ಏರಿದ್ದರಿಂದಲೇ ಒಂದು ಪಾಲು ಬಂದಿರಬೇಕು. ಎರಡನೆಯ ಸಲ ನಡೆಯುವವರಿಗೆ ಪರೀಕ್ಷೆಯ ಪರಿಚಯವಿರುವುದರಿಂದ ದೂರ ತುಸು ಹೆಚ್ಚುವುದೂ ಉಂಟು. ಒಬ್ಬರೇ ರೋಗಿಯಲ್ಲಿ ಹಾಲನ್ನೂ ನೀರನ್ನೂ ಬೇರ್ಪಡಿಸಲು ನಾನು ಹಂಸವಲ್ಲ.

ಬಲಭಾಗದ ಕರುಳು ತೆಗೆದು ಮತ್ತೆ ಜೋಡಿಸುವ ಶಸ್ತ್ರಚಿಕಿತ್ಸೆ ನಿರಾತಂಕವಾಗಿ ಮುಗಿಯಿತು. ಮರುದಿನ ಅಮ್ಮ ನಾನು ಹೋಗುವ ಮೊದಲೇ ಎದ್ದು ಕೂತು, ದಿಂಬು ಅವಚಿಕೊಂಡು ಕೆಮ್ಮುತ್ತಿದ್ದರು. ಎರಡನೆಯ ದಿನ ವಾರ್ಡಿನ ಪಡಸಾಲೆಯಲ್ಲಿ ಎರಡು ಸುತ್ತು. ನಾಲ್ಕನೆಯ ದಿನ ಮಾತ್ರ ಹೊಟ್ಟೆ ಉಬ್ಬಿತು, ವಾಂತಿ ಶುರುವಾಯಿತು. ಕರುಳು ಕೆಲಸ ಮರೆತು ಮಲಗಿತ್ತು. ಎರಡು ದಿನ ಬಾಯಿಗೆ ನೀರೂ ಇಲ್ಲ. ಅದು ಸರಿಹೋಗುವಷ್ಟರಲ್ಲಿ ಹೊಲಿಗೆಯ ಒಂದು ತುದಿಯಲ್ಲಿ ಕೀವು. ಮನೆಗೆ ಹೋದದ್ದು ಒಂಬತ್ತನೆಯ ದಿನ. "ಅಷ್ಟು ನಡೆದೂ ಹೀಗಾಯಿತಲ್ಲ ಮೇಡಂ" ಎಂದು ಸೊಸೆ ಕೇಳಿದಾಗ ನನ್ನ ಬಳಿ ಒಳ್ಳೆಯ ಉತ್ತರ ಇರಲಿಲ್ಲ. ಆದರೆ ಶ್ವಾಸಕೋಶದಲ್ಲಿ ಕಫ ಕಟ್ಟಲಿಲ್ಲ, ವಾಂತಿಯಾಗುತ್ತಿದ್ದ ಆ ಎರಡು ದಿನವೂ ಅಮ್ಮ ಡ್ರಿಪ್ ಕಂಬ ತಳ್ಳಿಕೊಂಡು ಶೌಚಾಲಯಕ್ಕೆ ತಾವೇ ಹೋದರು.

ಸಂಶೋಧನೆಗಳ ಮಾತೂ ಸ್ವಲ್ಪ ಹೀಗೆಯೇ ಇದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ತಂಡ 2014ರಲ್ಲಿ 77 ಮಂದಿ ಕರುಳಿನ ಕ್ಯಾನ್ಸರ್ ರೋಗಿಗಳ ಪ್ರಯೋಗ ಪ್ರಕಟಿಸಿತು. ವ್ಯಾಯಾಮ, ಪ್ರೊಟೀನ್, ಮನಸ್ಸಿನ ಹಗುರಕ್ಕೆ ಸಲಹೆ, ಎಲ್ಲವೂ ಒಂದೇ; ಒಂದು ಗುಂಪಿಗೆ ಆಪರೇಷನ್‌ಗೆ ನಾಲ್ಕು ವಾರ ಮುಂಚಿನಿಂದ, ಇನ್ನೊಂದಕ್ಕೆ ಆಪರೇಷನ್ ಆದ ಮೇಲೆ. ಎಂಟು ವಾರಗಳ ನಂತರ ಮೊದಲಿನ ನಡಿಗೆಗೆ ಮರಳಿದವರು ಮುಂಚೆ ಶುರುಮಾಡಿದವರಲ್ಲಿ 84 ಶೇಕಡಾ, ಉಳಿದವರಲ್ಲಿ 62. ತೊಡಕುಗಳ ಸಂಖ್ಯೆಯಲ್ಲಾಗಲೀ ಆಸ್ಪತ್ರೆಯ ದಿನಗಳಲ್ಲಾಗಲೀ ವ್ಯತ್ಯಾಸ ಕಾಣಲಿಲ್ಲ. ಅದೇ ವಿಶ್ವವಿದ್ಯಾಲಯದವರು 2020ರಲ್ಲಿ ತೀರಾ ನಿತ್ರಾಣರಾದ ಹಿರಿಯರ ಮೇಲೆ ಪ್ರಯತ್ನಿಸಿದಾಗಲೂ ತೊಡಕುಗಳು ತಗ್ಗಲಿಲ್ಲ. 2023ರಲ್ಲಿ 251 ಮಂದಿಯ ಬಹುರಾಷ್ಟ್ರೀಯ ಪ್ರಯೋಗದಲ್ಲಿ ಮಾತ್ರ ಗಂಭೀರ ತೊಡಕುಗಳು 29.7 ಶೇಕಡಾದಿಂದ 17.1ಕ್ಕೆ ಇಳಿದವು, ಅಲ್ಲಿ ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲೇ, ತಜ್ಞರ ಕಣ್ಣೆದುರು, ಬಿರುಸಿನ ತಾಲೀಮು ಇತ್ತು. ವಾಮಂಜೂರಿನಿಂದ ವಾರಕ್ಕೆ ಮೂರು ಸಲ ಬಸ್ ಹಿಡಿದು ಬರಲು ಅಮ್ಮನಿಗೆ ಎಲ್ಲಿ ಆಗುತ್ತಿತ್ತು? ಬಂದರೂ ಆ ದಿನದ ಸೊಸೆಯ ಸಂಬಳ ಯಾರು ಕೊಡುತ್ತಿದ್ದರು? ನಡಿಗೆ ಬೇಗ ಮರಳುತ್ತದೆ ಎಂಬುದನ್ನು ನಾನು ಧೈರ್ಯವಾಗಿ ಹೇಳುತ್ತೇನೆ. ಕೀವು, ವಾಂತಿ ಬರುವುದೇ ಇಲ್ಲ ಎಂದು ಯಾರಿಗೂ ಮಾತು ಕೊಡುವುದಿಲ್ಲ.

ನಡಿಗೆ ಮರಳಿದ್ದರ ಬೆಲೆ ಗೊತ್ತಾದದ್ದು ತೆಗೆದ ಕರುಳಿನ ಪರೀಕ್ಷೆಯ ಅಂತಿಮ ವರದಿ ಬಂದಾಗ. ಎರಡು ದುಗ್ಧರಸ ಗ್ರಂಥಿಗಳಲ್ಲಿ (ಲಿಂಫ್ ನೋಡ್) ಕ್ಯಾನ್ಸರ್ ಇತ್ತು, ಕೀಮೋಥೆರಪಿ ಬೇಕು. ಅದನ್ನು ಆಪರೇಷನ್ ಆಗಿ ಎಂಟು ವಾರದೊಳಗೆ ಶುರುಮಾಡುವುದು ಒಳ್ಳೆಯದು, ತಡವಾದಷ್ಟೂ ಫಲ ಕಡಿಮೆ. ಹಾಸಿಗೆ ಬಿಟ್ಟೇಳಲಾಗದವರಿಗೆ ಅದನ್ನು ಕೊಡಲು ಕ್ಯಾನ್ಸರ್ ತಜ್ಞರು ಹಿಂಜರಿಯುತ್ತಾರೆ. ಆರನೆಯ ವಾರ ಅಮ್ಮ 318 ಮೀಟರ್ ನಡೆದರು. ಆಪರೇಷನ್ ಮುಂಚಿನ 342ಕ್ಕಿಂತ ಕಡಿಮೆ, ಆದರೆ ಮೊದಲ ದಿನದ 285ಕ್ಕಿಂತ ಹೆಚ್ಚು. ಹತ್ತುವ ಕೆಲಸ ಮಾಡದೆ 285ರಿಂದಲೇ ಜಾರಿದ್ದರೆ ಎಲ್ಲಿಗೆ ಮುಟ್ಟುತ್ತಿದ್ದರೋ. ಅದೇ ವಾರ ಮೊದಲ ಡ್ರಿಪ್ ಏರಿಸಿದರು.

ಮೂರನೆಯ ಡ್ರಿಪ್‌ನ ಹೊತ್ತಿಗೆ ಬೆರಳ ತುದಿಗಳು ಮರಗಟ್ಟತೊಡಗಿದವು. ಆಕ್ಸಾಲಿಪ್ಲಾಟಿನ್ ಎಂಬ ಔಷಧಕ್ಕೆ ಅದು ಹೊಸತಲ್ಲ, ಮೊದಲೇ ಹೇಳಿಟ್ಟಿದ್ದರು. ಆದರೆ ಬೀಡಿ ಕಟ್ಟುವವರಿಗೆ ಬೆರಳ ತುದಿಯೇ ಎಲ್ಲ. ಎಲೆ ಸುತ್ತುವಾಗ ಎಳೆ ಸಿಗುವುದಿಲ್ಲ, ದಾರ ಜಾರುತ್ತದೆ. ಮೊದಲ ದಿನ ಪರೀಕ್ಷೆಯಲ್ಲಿ ಪಾಸಾಗಿದ್ದುದು ಆ ಕೈಗಳೇ. ಗೆರಸೆ ಈಗ ಪೀಕದಾನಿಯ ಪಕ್ಕ ಅಟ್ಟದಲ್ಲಿದೆ. ಕಳೆದ ವಾರ ತಪಾಸಣೆಗೆ ಬಂದಾಗ, "ಹಾಗಾದರೆ ನಡಿಗೆ ನಿಂತಿತೇ ಅಮ್ಮ?" ಎಂದು ಕೇಳಿದೆ.

"ಯಾಕೆ ನಿಲ್ಲುತ್ತದೆ? ಪಕ್ಕದವಳ ಚೀಲ ಇದೆಯಲ್ಲ. ಹೋಗುವಾಗ ಅವಳು ಹೊರುತ್ತಾಳೆ, ಬರುವಾಗ ಏರಿನಲ್ಲಿ ನಾನು."